ಹೆಡ್ ನಂಬರ್ ನೋಡಿ ಕೆಲಸ ಹುಡುಕಿ: ಪುಣೆಯ ಸರಕಾರಿ ಟೆಂಡರ್‌ಗಳ ಅನುಭವ

ವಾರಜೆ, ಹಡಪಸರ, ವಾಘೋಲಿ. ಕೂಲಿಯವರು ಕೆಲಸಕ್ಕೆ ಕಾಯುವ ಪುಣೆಯ ಯಾವ ಮಜೂರ್ ಅಡ್ಡಾದಲ್ಲಿ ಬೆಳಿಗ್ಗೆ ನಿಂತರೂ ಕನ್ನಡ ಕಿವಿಗೆ ಬೀಳುತ್ತದೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯ ಗೌಂಡಿಗಳು, ಸೆಂಟ್ರಿಂಗ್‌ನವರು, ಖಡಿ ಹೊರುವ ಹೆಣ್ಣುಮಕ್ಕಳು. ಈ ಊರಿನ ಎಷ್ಟೋ ಕಟ್ಟಡಗಳಿಗೆ ನಮ್ಮ ಜನರ ಬೆವರು ಬಿದ್ದಿದೆ. ಆದರೆ ಸರಕಾರಿ ಕೆಲಸದ ಬೋರ್ಡಿನಲ್ಲಿ ಗುತ್ತಿಗೆದಾರ ಎಂದು ಬರೆಯುವ ಜಾಗದಲ್ಲಿ ನಮ್ಮವರ ಹೆಸರು ನಾನು ಕಂಡಿದ್ದು ಕಮ್ಮಿ. ಕೂಲಿ ನಮ್ಮದು, ಗುತ್ತಿಗೆ ಇನ್ನೊಬ್ಬರದು. ಇದು ಬಹಳ ವರ್ಷದಿಂದ ನನ್ನನ್ನು ಕೊರೆಯುತ್ತಿದ್ದ ವಿಷಯ. ಸರಕಾರಿ ಕೆಲಸ ಹೇಗೆ ಹುಡುಕಿದೆ ಎಂದು ಇಲ್ಲಿ ಬರೆಯುತ್ತಿರುವುದೂ ಅದಕ್ಕೇ.

ನನ್ನದು ಸಿವಿಲ್ ಡಿಪ್ಲೊಮಾ. ಮೊದಲು ಹೌಸಿಂಗ್ ಸೊಸೈಟಿಗಳ ಪ್ಲಾಸ್ಟರ್, ವಾಟರ್‌ಪ್ರೂಫಿಂಗ್, ಕಂಪೌಂಡ್ ಗೋಡೆ ಮಾಡುತ್ತಿದ್ದೆ. ನಡುನಡುವೆ ಬಿಲ್ಡರ್‌ಗಳ ಹತ್ತಿರ ಸಬ್ ಕಾಂಟ್ರಾಕ್ಟ್. ಆ ಧಂದೆಯಲ್ಲಿ ಎಲ್ಲವೂ ಬಾಯಿಮಾತಿನ ಮೇಲೆ. ಅಳತೆ ಬಾಯಿಮಾತು, ದರ ಬಾಯಿಮಾತು, ಕೊನೆಗೆ ರೊಕ್ಕದ ವಾಯಿದೆಯೂ ಬಾಯಿಮಾತು. ಸರಕಾರಿ ಕೆಲಸದಲ್ಲಿ ದುಡ್ಡು ತಡವಾಗುತ್ತದೆ, ನಿಜ. ಆದರೆ ಮಾಡಿದ ಕೆಲಸದ ಅಳತೆ ಮೆಜರ್‌ಮೆಂಟ್ ಬುಕ್ಕಿನಲ್ಲಿ ದಾಖಲಾಗುತ್ತದೆ. ದರ ಮೊದಲೇ ಅಚ್ಚಾಗಿರುತ್ತದೆ. ಮುಗಿಸಿದ ಮೇಲೆ ಸಿಗುವ ಪ್ರಮಾಣಪತ್ರ ಮುಂದಿನ ಕೆಲಸಕ್ಕೆ ಮೆಟ್ಟಿಲಾಗುತ್ತದೆ. ಬಿಲ್ಡರ್ ಹತ್ತಿರ ವರ್ಷಗಟ್ಟಲೆ ದುಡಿದರೂ ಅಂಥ ಒಂದು ಕಾಗದ ಕೈಗೆ ಬರುವುದು ಕಷ್ಟ.

ಎಲ್ಲರೂ ಮೊದಲು ಹೋಗುವ ಜಾಗ ಮಹಾಟೆಂಡರ್ಸ್, ಅಂದರೆ ಮಹಾರಾಷ್ಟ್ರ ಸರಕಾರದ ಇ-ಟೆಂಡರ್ ಪೋರ್ಟಲ್. ನಾನೂ ಅಲ್ಲಿಂದಲೇ ಶುರು ಮಾಡಿದೆ. ರಾಜ್ಯದ ಪಿಡಬ್ಲ್ಯೂಡಿ, ಜಿಲ್ಲಾ ಪರಿಷತ್, ನೀರಾವರಿ ಇಲಾಖೆ, ಪುಣೆ ಮತ್ತು ಪಿಂಪ್ರಿ ಚಿಂಚವಡ ಮಹಾನಗರಪಾಲಿಕೆಗಳ ಟೆಂಡರ್‌ಗಳು ಅಲ್ಲೇ ಬರುತ್ತವೆ. ನೋಡಲು ಲಾಗಿನ್ ಬೇಡ, ಫೀ ಬೇಡ. ಸಂಸ್ಥೆಯ ಹೆಸರಿನ ಮೇಲೆ, ಸ್ಥಳದ ಮೇಲೆ, ಮುಗಿಯುವ ತಾರೀಖಿನ ಮೇಲೆ ಹುಡುಕಬಹುದು. ಇದನ್ನು ಒತ್ತಿ ಹೇಳಲು ಕಾರಣವಿದೆ. ತಿಂಗಳಿಗಿಷ್ಟು ಕೊಡಿ, ಟೆಂಡರ್ ಮಾಹಿತಿ ಮೊಬೈಲಿಗೆ ಕಳಿಸುತ್ತೇವೆ ಎನ್ನುವ ಕಂಪನಿಗಳು ಬೇಕಾದಷ್ಟಿವೆ. ಅವರು ಕಳಿಸುವುದರಲ್ಲಿ ಹೆಚ್ಚಿನದು ಇಂಥ ಪೋರ್ಟಲ್‌ಗಳಿಂದ ತೆಗೆದದ್ದೇ. ನಾಲ್ಕಾರು ರಾಜ್ಯದಲ್ಲಿ ಕೆಲಸ ಮಾಡುವವರಿಗೆ ಅದು ಉಪಯೋಗ. ಒಂದೇ ಜಿಲ್ಲೆಯಲ್ಲಿ ಕೆಲಸ ಹುಡುಕುವ ಸಣ್ಣ ಗುತ್ತಿಗೆದಾರನಿಗೆ ಬೇಡ. ಆ ದುಡ್ಡಲ್ಲಿ ಆನ್‌ಲೈನ್ ಟೆಂಡರ್ ಹಾಕಲು ಬೇಕಾದ ಡಿಜಿಟಲ್ ಸಹಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಆದರೆ ಪೋರ್ಟಲ್ ನೋಡುತ್ತಾ ಹೋದಂತೆ ಒಂದು ವಿಷಯ ಅರ್ಥವಾಯಿತು. ಸಣ್ಣ ಕೆಲಸಗಳಿಗೆ ಅಲ್ಲಿ ಸಿಗುವುದು ಒಂದೆರಡು ವಾರ. ಅಷ್ಟರಲ್ಲಿ ಜಾಗ ನೋಡಬೇಕು, ಲೆಕ್ಕ ಹಾಕಬೇಕು, ಟೆಂಡರ್ ಜೊತೆ ಕಟ್ಟುವ ಠೇವಣಿ ಹೊಂದಿಸಬೇಕು, ಕಾಗದಪತ್ರ ಸ್ಕ್ಯಾನ್ ಮಾಡಬೇಕು. ಅದೇ ಟೆಂಡರ್ ಹಾಕುವ ಬೇರೆಯವರು ತಿಂಗಳುಗಟ್ಟಲೆ ಮೊದಲೇ ತಯಾರಾಗಿರುತ್ತಾರೆ. ಅವರಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ? ಒಳಗಿನವರು ಹೇಳುತ್ತಾರೆ, ಸೆಟ್ಟಿಂಗ್ ಇರುತ್ತದೆ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಎಲ್ಲ ಕಡೆ ಹಾಗಲ್ಲ. ಬಹಳಷ್ಟು ಮಾಹಿತಿ ಯಾರು ಬೇಕಾದರೂ ಓದಬಹುದಾದ ಕಾಗದದಲ್ಲೇ ಇರುತ್ತದೆ.

ಇದನ್ನು ನನಗೆ ಕಲಿಸಿದವರು ಧನಕವಡಿಯಲ್ಲಿರುವ ಒಬ್ಬ ಹಿರಿಯರು. ಸೊಲ್ಲಾಪುರದವರು, ಮನೆಮಾತು ಕನ್ನಡ. ಸರಕಾರಿ ಕಚೇರಿಯ ಅಕೌಂಟ್ಸ್ ವಿಭಾಗದಲ್ಲಿ ಇಡೀ ಸರ್ವೀಸ್ ಕಳೆದು ನಿವೃತ್ತರಾದವರು. ನಾವೆಲ್ಲ ಮಾಮಾ ಅನ್ನುತ್ತೇವೆ. ಒಂದು ರಸ್ತೆ ಕೆಲಸದ ಟೆಂಡರ್ ನೋಟಿಸ್ ಪ್ರಿಂಟ್ ತೆಗೆದುಕೊಂಡು ಅವರ ಹತ್ತಿರ ಹೋಗಿದ್ದೆ. ಕನ್ನಡಕ ಏರಿಸಿ ಎರಡು ಪುಟ ತಿರುವಿದರು.

"ಕೆಲಸದ ಹೆಸರು ಓದಿದ್ಯಾ?"

"ಓದೀನ್ರಿ ಮಾಮಾ."

"ಅಂದಾಜು ಎಷ್ಟೈತಿ ನೋಡಿದ್ಯಾ?"

"ನೋಡೀನ್ರಿ."

"ಹೆಡ್ ಯಾವ್ದು?"

ನಾನು ಸುಮ್ಮನಾದೆ. ಅವರು ಕಾಗದ ಮಡಚಿ ನನ್ನ ಕೈಗಿಟ್ಟರು. "ತಮ್ಮಾ, ಕೆಲಸ ಕೊಡೂದು ಆಫೀಸ್. ರೊಕ್ಕ ಕೊಡೂದು ಹೆಡ್. ಮೊದಲ ಅದನ್ನ ಓದೂದು ಕಲಿ."

ಅವತ್ತು ಅವರು ಹೇಳಿಕೊಟ್ಟ ಪಾಠ ಇದು. ಸರಕಾರದ ಪ್ರತಿ ಖರ್ಚಿಗೂ ಒಂದು ಲೆಕ್ಕಶೀರ್ಷಿಕೆ ಇರುತ್ತದೆ. ಅದಕ್ಕೇ ಹೆಡ್ ಅನ್ನುವುದು. ಮೊದಲ ನಾಲ್ಕು ಅಂಕಿಯಲ್ಲೇ ಬಹಳಷ್ಟು ಗೊತ್ತಾಗುತ್ತದೆ. 2 ಅಥವಾ 3ರಿಂದ ಶುರುವಾದರೆ ಅದು ದಿನನಿತ್ಯದ, ದುರಸ್ತಿಯಂಥ ಖರ್ಚು. 4 ಅಥವಾ 5ರಿಂದ ಶುರುವಾದರೆ ಹೊಸ ಆಸ್ತಿ ಕಟ್ಟುವ ಬಂಡವಾಳ ಖರ್ಚು. 3054 ರಸ್ತೆ ಸೇತುವೆಗಳ ದುರಸ್ತಿ. 5054 ಹೊಸ ರಸ್ತೆ ಸೇತುವೆ. 2059 ಸರಕಾರಿ ಕಟ್ಟಡಗಳ ನಿರ್ವಹಣೆ, 4059 ಹೊಸ ಕಟ್ಟಡ. 4202 ಶಿಕ್ಷಣದ ಕಟ್ಟಡಗಳು. ಇಲ್ಲಿನ ಗುತ್ತಿಗೆದಾರರು ಚಹಾ ಅಂಗಡಿಯಲ್ಲಿ ಇವನ್ನು ಮರಾಠಿಯಲ್ಲಿ ತೀಸ್ ಚೌಪನ್ನ, ಪನ್ನಾಸ್ ಚೌಪನ್ನ ಎಂದೇ ಮಾತಾಡುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಕೇಳುವುದು ಪಂಚವೀಸ್ ಪಂಧರಾ. ಅಂದರೆ 2515, ಗ್ರಾಮವಿಕಾಸ ಇಲಾಖೆಯ ಹೆಡ್. ಜನಪ್ರತಿನಿಧಿಗಳು ಸೂಚಿಸಿದ ಹಳ್ಳಿಯೊಳಗಿನ ರಸ್ತೆ, ಚರಂಡಿ, ಸಭಾಮಂಟಪ, ಇಂಥ ಸಣ್ಣ ಕೆಲಸಗಳು ಇದರಲ್ಲಿ ರಾಶಿ ರಾಶಿ ಬರುತ್ತವೆ.

ಹೆಡ್ ಗೊತ್ತಾದರೆ ಏನು ಲಾಭ? ಎರಡು. ಒಂದು, ಆ ಹೆಡ್ಡಿನಲ್ಲಿ ಈ ವರ್ಷ ದುಡ್ಡು ಬಂದಿದೆಯೋ, ಬರೀ ಮಂಜೂರಾತಿ ಬಂದಿದೆಯೋ ಎಂದು ವಿಚಾರಿಸಬಹುದು. ಮಹಾರಾಷ್ಟ್ರದಲ್ಲಿ ಬೀಮ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಿಂದ ಅನುದಾನ ಕೆಳಗಿನ ಕಚೇರಿಗಳಿಗೆ ಇಳಿಯುತ್ತದೆ. ಅಲ್ಲಿ ಇಳಿಯದ ದುಡ್ಡಿಗೆ ಬಿಲ್ ಪಾಸಾಗುವುದಿಲ್ಲ. ಇಂಜಿನಿಯರ್ ಸಾಹೇಬರು ಎಷ್ಟೇ ಒಳ್ಳೆಯವರಾದರೂ ಅವರು ಏನೂ ಮಾಡಲಾರರು. ಎರಡನೆಯದು, ಟೆಂಡರ್ ಬರುವ ಮೊದಲೇ ಕೆಲಸ ಎಲ್ಲಿ ಹುಟ್ಟುತ್ತಿದೆ ಎಂದು ಗೊತ್ತಾಗುತ್ತದೆ.

ಒಂದು ಸರಕಾರಿ ಕೆಲಸ ಹುಟ್ಟುವ ದಾರಿ ಹೀಗೆ. ಮೊದಲು ಬಜೆಟ್ಟಿನಲ್ಲೋ, ವರ್ಷದ ನಡುವೆ ಹೆಚ್ಚಿನ ದುಡ್ಡು ಕೇಳುವ ಪೂರಕ ಬೇಡಿಕೆಯಲ್ಲೋ ದುಡ್ಡು. ಆಮೇಲೆ ಆಡಳಿತ ಮಂಜೂರಾತಿ, ಅಂದರೆ ಈ ಕೆಲಸ ಮಾಡಬಹುದು ಎಂಬ ಒಪ್ಪಿಗೆ. ಆಮೇಲೆ ತಾಂತ್ರಿಕ ಮಂಜೂರಾತಿ, ಅಂದರೆ ಇಂಜಿನಿಯರ್ ವಿವರವಾದ ಅಂದಾಜು ಪಟ್ಟಿಗೆ ಸಹಿ ಹಾಕುವುದು. ಅದಾದ ಮೇಲೆಯೇ ಟೆಂಡರ್. ಕೊನೆಗೆ ವರ್ಕ್ ಆರ್ಡರ್. ಪೋರ್ಟಲ್ ಮಾತ್ರ ನೋಡುವವನು ಅರ್ಧ ದಾರಿ ಮುಗಿದ ಮೇಲೆ ಬಂದು ಸೇರುತ್ತಾನೆ.

ಮುಂಚಿನ ಕಾಗದಗಳು ಎಲ್ಲಿ ಸಿಗುತ್ತವೆ? ರಾಜ್ಯದ ಬಜೆಟ್ ಮಾರ್ಚ್ ಅಧಿವೇಶನದಲ್ಲಿ ಬರುತ್ತದೆ. ಪೂರಕ ಬೇಡಿಕೆಗಳು ಮುಂಬೈಯ ಮಳೆಗಾಲದ ಅಧಿವೇಶನದಲ್ಲಿ ಮತ್ತು ಡಿಸೆಂಬರಿನ ನಾಗಪುರ ಅಧಿವೇಶನದಲ್ಲಿ ಬರುತ್ತವೆ. ಬಜೆಟ್ಟಿನಲ್ಲಿ ಸೇರಿದ ಪಿಡಬ್ಲ್ಯೂಡಿ ಕೆಲಸಗಳ ಪಟ್ಟಿಗೆ ಇಲ್ಲಿ ವೈಟ್ ಬುಕ್ ಅನ್ನುತ್ತಾರೆ. ತಾಲೂಕು, ರಸ್ತೆಯ ಹೆಸರು, ಕಿಲೋಮೀಟರ್, ಮೊತ್ತ ಎಲ್ಲ ಅದರಲ್ಲಿರುತ್ತದೆ. ಆಡಳಿತ ಮಂಜೂರಾತಿಗಳು ಶಾಸನ ನಿರ್ಣಯ ಎಂಬ ಆದೇಶಗಳಾಗಿ ಬರುತ್ತವೆ. ಎಲ್ಲರೂ ಜಿಆರ್ ಅನ್ನುತ್ತಾರೆ. ರಾಜ್ಯ ಸರಕಾರದ ಜಾಲತಾಣದಲ್ಲಿ ಇಲಾಖೆವಾರು, ದಿನವಾರು ಸಿಗುತ್ತವೆ. ಬಹುತೇಕ ಮರಾಠಿಯಲ್ಲೇ ಇರುತ್ತವೆ. ಪುಣೆಯಲ್ಲಿ ನಾಲ್ಕು ವರ್ಷ ಇದ್ದ ಕನ್ನಡಿಗನಿಗೆ ಅದು ಕಷ್ಟವಲ್ಲ, ಲಿಪಿ ದೇವನಾಗರಿ, ಪದಗಳು ಅರ್ಧಕ್ಕರ್ಧ ಪರಿಚಯದವು. ನಮ್ಮವರು ಹಿಂಜರಿಯುವುದೇ ಇಲ್ಲಿ. ಜಿಆರ್ ಅಂದರೆ ವಕೀಲರು ಓದುವ ಕಾಗದ ಎಂದುಕೊಳ್ಳುತ್ತಾರೆ. ಮೊದಲ ಪುಟದ ಒಕ್ಕಣೆ ಬಿಡಿ, ಕೊನೆಯಲ್ಲಿರುವ ಪಟ್ಟಿ ತೆಗೆಯಿರಿ. ನಿಮ್ಮ ತಾಲೂಕಿನ ಹೆಸರು ಹುಡುಕಿ. ಕೆಲಸ, ಮೊತ್ತ, ಯಾವ ಕಚೇರಿ ಮಾಡಿಸುತ್ತದೆ, ಯಾವ ಹೆಡ್. ಇಷ್ಟು ಸಾಕು.

ಜಿಲ್ಲಾ ಮಟ್ಟದಲ್ಲಿ ಇನ್ನೊಂದು ಬಾಗಿಲಿದೆ. ಜಿಲ್ಲಾ ವಾರ್ಷಿಕ ಯೋಜನೆ. ಪಾಲಕಮಂತ್ರಿಗಳ, ಅಂದರೆ ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಜಿಲ್ಲಾ ನಿಯೋಜನ ಸಮಿತಿ ಇದನ್ನು ಒಪ್ಪುತ್ತದೆ. ಶಾಲೆ ಕೋಣೆ, ಅಂಗನವಾಡಿ, ಆರೋಗ್ಯ ಉಪಕೇಂದ್ರ, ಹಳ್ಳಿ ರಸ್ತೆ, ಸ್ಮಶಾನಭೂಮಿಯ ಶೆಡ್, ಇಂಥವೆಲ್ಲ ಇಲ್ಲಿಂದ. ಸಂಸದರ ನಿಧಿಯ ಕೆಲಸಗಳನ್ನೂ ಜಿಲ್ಲೆಯ ಕಚೇರಿಯಲ್ಲೇ ವಿಚಾರಿಸಬಹುದು. ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಹಳ್ಳಿ ಪಂಚಾಯಿತಿಗಳಿಗೆ ಹಣಕಾಸು ಆಯೋಗದ ಅನುದಾನ ಬರುತ್ತದೆ. 2021ರಿಂದ 2026ರ ವರೆಗಿನ ಹದಿನೈದನೇ ಆಯೋಗದ ಅನುದಾನದಲ್ಲಿ 60 ಪರ್ಸೆಂಟ್ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದು ಗೊತ್ತಿದ್ದರೆ ಪಂಚಾಯಿತಿಯಲ್ಲಿ ಚರಂಡಿ, ಪೈಪ್‌ಲೈನ್ ಕೆಲಸ ಯಾಕೆ ಜಾಸ್ತಿ ಬರುತ್ತದೆ ಎಂದು ಅರ್ಥವಾಗುತ್ತದೆ, ಅಲ್ವಾ?

ಪುಣೆ ನಗರದೊಳಗೆ ಲೆಕ್ಕ ಬೇರೆ. ಪಾಲಿಕೆಯ ಬಜೆಟ್ಟಿನಲ್ಲಿ ನಗರಸೇವಕರು, ಅಂದರೆ ಕಾರ್ಪೊರೇಟರ್‌ಗಳು ಸೂಚಿಸಿದ ವಾರ್ಡ್ ಕೆಲಸಗಳ ಪಟ್ಟಿಗೆ 'ಸ' ಯಾದಿ ಎಂದು ಹೆಸರು. ಫುಟ್‌ಪಾತ್, ಡ್ರೈನೇಜ್ ಲೈನ್, ಉದ್ಯಾನದ ಗೋಡೆ, ಸಮಾಜ ಮಂದಿರದ ದುರಸ್ತಿ. ಸಣ್ಣ ಗುತ್ತಿಗೆದಾರನಿಗೆ ಹೇಳಿ ಮಾಡಿಸಿದ ಗಾತ್ರದ ಕೆಲಸಗಳು. 2022ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಮತ್ತೆ ಚುನಾವಣೆ ಆಗಿದ್ದು 2026ರ ಜನವರಿಯಲ್ಲಿ. ನಡುವಿನ ಕಾಲದಲ್ಲಿ ವಾರ್ಡ್ ಕೆಲಸ ಹುಡುಕುವವರು ನಗರಸೇವಕರ ಬಾಗಿಲು ಬಿಟ್ಟು ಪಾಲಿಕೆಯ ಕ್ಷೇತ್ರೀಯ ಕಾರ್ಯಾಲಯಗಳ ಬಾಗಿಲಿಗೇ ಹೋಗಬೇಕಾಯಿತು.

ಇನ್ನು ಕೇಂದ್ರದ ಕೆಲಸಗಳು. ಪುಣೆಯಲ್ಲಿ ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರವಿದೆ, ಖಡಕಿ, ದೇಹು ರೋಡ್ ಕಂಟೋನ್ಮೆಂಟ್‌ಗಳಿವೆ, ಖಡಕವಾಸಲದಲ್ಲಿ ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿ ಎನ್‌ಡಿಎ ಇದೆ. ಅಲ್ಲಿನ ಕ್ವಾರ್ಟರ್ಸ್ ದುರಸ್ತಿ, ಬಣ್ಣ, ರಸ್ತೆ ಎಲ್ಲ ಮಿಲಿಟರಿ ಇಂಜಿನಿಯರ್ ಸರ್ವೀಸಸ್ ಮಾಡಿಸುತ್ತದೆ. ಟೆಂಡರ್ ರಕ್ಷಣಾ ಇಲಾಖೆಯ ಬೇರೆ ಪೋರ್ಟಲ್‌ನಲ್ಲಿ ಬರುತ್ತದೆ, ದರ ಪಟ್ಟಿಯೂ ಅವರದೇ ಬೇರೆ. ರೈಲ್ವೆಯ ಕೆಲಸ ಐರೆಪ್ಸ್ ಪೋರ್ಟಲ್‌ನಲ್ಲಿ. ಪ್ರತಿಯೊಂದಕ್ಕೂ ಬೇರೆ ನೋಂದಣಿ. ನಾನು ಇವುಗಳ ಹಿಂದೆ ಹೆಚ್ಚು ಓಡಲಿಲ್ಲ. ಒಂದೇ ಕಡೆ ಗಟ್ಟಿಯಾಗಿ ನಿಲ್ಲುವುದು ವಾಸಿ ಅನಿಸಿತು.

ಅರ್ಹತೆಯ ವಿಷಯಕ್ಕೆ ಬರುತ್ತೇನೆ. ಪಿಡಬ್ಲ್ಯೂಡಿಯಲ್ಲಿ ಗುತ್ತಿಗೆದಾರರ ನೋಂದಣಿ ವರ್ಗವಾರು ಇರುತ್ತದೆ. ವರ್ಗ ದೊಡ್ಡದಾದಂತೆ ಹಾಕಬಹುದಾದ ಕೆಲಸದ ಮಿತಿ ದೊಡ್ಡದು. ಪ್ಯಾನ್, ಜಿಎಸ್‌ಟಿ, ನಮ್ಮ ಹಣಕಾಸು ಶಕ್ತಿ ತೋರಿಸುವ ಬ್ಯಾಂಕಿನ ಸಾಲ್ವೆನ್ಸಿ ಪ್ರಮಾಣಪತ್ರ, ಅನುಭವದ ಕಾಗದ ಬೇಕು. ಸಣ್ಣ ಕೆಲಸಗಳಲ್ಲಿ ಒಂದು ಪಾಲು ಮಜೂರ್ ಸಹಕಾರಿ ಸಂಸ್ಥೆಗಳಿಗೂ ಒಂದು ಪಾಲು ನಿರುದ್ಯೋಗಿ ಇಂಜಿನಿಯರ್‌ಗಳಿಗೂ ಮೀಸಲು. ಉಳಿದ ಪಾಲು ಮಾತ್ರ ಎಲ್ಲರಿಗೂ. ಊರಿಂದ ಬಂದ ಇಂಜಿನಿಯರಿಂಗ್ ಓದಿದ ಹುಡುಗರು ಈ ಮೀಸಲಿನ ನಿಯಮ ತಪ್ಪದೆ ಓದಬೇಕು. ಅಲ್ಲಿ ಕೆಲಸ ಹಂಚುವ ಸಮಿತಿಯೇ ಬೇರೆ, ಸ್ಪರ್ಧೆಯೂ ಬೇರೆ.

ಒಂದು ತಪ್ಪು ತಿಳಿವಳಿಕೆ ಎಷ್ಟು ಹಬ್ಬಿದೆ ಅಂದರೆ, ಇಲ್ಲಿ ಹೇಳಲೇಬೇಕು. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಇದ್ದರೆ ಠೇವಣಿ ಕಟ್ಟಬೇಕಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಕೇಂದ್ರದ 2012ರ ಸಣ್ಣ ಉದ್ಯಮ ಖರೀದಿ ನೀತಿ ಸರಕು ಮತ್ತು ಸೇವೆಗೆ. ಕಟ್ಟಡ ಕಾಮಗಾರಿಗೆ ಅದು ಅನ್ವಯಿಸುವುದಿಲ್ಲ. ಟೆಂಡರ್‌ನಲ್ಲಿ ವಿನಾಯಿತಿ ಇದೆ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನಂಬಿ. ಇಲ್ಲದಿದ್ದರೆ ಉದ್ಯಮ್ ಕಾಗದ ಲಗತ್ತಿಸಿ ಠೇವಣಿ ಕಟ್ಟದೆ ಕೂತರೆ ಕಾಗದಪತ್ರ ನೋಡುವ ಮೊದಲ ಲಕೋಟೆಯಲ್ಲೇ ಹೊರಗೆ.

ದೊಡ್ಡ ಕೆಲಸಕ್ಕೆ ಅದೇ ರೀತಿಯ ಕೆಲಸ ಮಾಡಿದ ಅನುಭವ ಕೇಳುತ್ತಾರೆ. ಕೇಂದ್ರ ಲೋಕೋಪಯೋಗಿ ಇಲಾಖೆ ಸಿಪಿಡಬ್ಲ್ಯೂಡಿಯ ಅಳತೆ ಗುತ್ತಿಗೆದಾರರಿಗೆಲ್ಲ ಪರಿಚಯ. ಅಂದಾಜಿನ 40 ಪರ್ಸೆಂಟ್ ಮೊತ್ತದ ಮೂರು ಕೆಲಸ, ಅಥವಾ 60 ಪರ್ಸೆಂಟಿನ ಎರಡು, ಅಥವಾ 80 ಪರ್ಸೆಂಟಿನ ಒಂದು. ಹೀಗಾಗಿ ಮೊದಲ ವರ್ಷಗಳಲ್ಲಿ ಯಾವ ಕೆಲಸ ಹಿಡಿಯುತ್ತೀರಿ ಎನ್ನುವುದು ಆಮೇಲಿನ ವರ್ಷಗಳನ್ನು ನಿರ್ಧರಿಸುತ್ತದೆ. ಲಾಭ ಸ್ವಲ್ಪ ಕಮ್ಮಿಯಾದರೂ ಕಟ್ಟಡದ ಕೆಲಸ ಮಾಡಿ ಕಟ್ಟಡದ ಪ್ರಮಾಣಪತ್ರ ತೆಗೆದುಕೊಳ್ಳಬೇಕು ಎಂದು ನಾನು ನಿರ್ಧರಿಸಿದ್ದು ಇದಕ್ಕೇ. ರಸ್ತೆ ಕೆಲಸದಲ್ಲಿ ಡಾಂಬರು ಮಿಶ್ರಣ ಮಾಡುವ ಹಾಟ್ ಮಿಕ್ಸ್ ಪ್ಲಾಂಟ್ ಇಷ್ಟು ಕಿಲೋಮೀಟರ್ ಒಳಗಿರಬೇಕು ಎಂಬಂಥ ಷರತ್ತುಗಳು ಬರುತ್ತವೆ. ಪ್ಲಾಂಟ್ ಇದ್ದವರ ಬಾಗಿಲಿಗೆ ಹೋಗಿ ಕರಾರು ಪತ್ರ ಕೇಳುತ್ತಾ ನಿಲ್ಲಬೇಕು. ಕಟ್ಟಡದಲ್ಲಿ ಆ ಹಂಗು ಕಡಿಮೆ. ಮೇಲಾಗಿ ನನ್ನ ಕೈಯಲ್ಲಿ ಒಳ್ಳೆಯ ಗೌಂಡಿಗಳಿದ್ದರು.

ಜಿಲ್ಲಾ ವಾರ್ಷಿಕ ಯೋಜನೆಯ ಒಂದು ಪಟ್ಟಿಯಲ್ಲಿ ಪುರಂದರ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಎರಡು ಕೋಣೆ ಕಂಡೆ. ಟೆಂಡರ್ ಇನ್ನೂ ಬಂದಿರಲಿಲ್ಲ. ಅವಸರವಿಲ್ಲದೆ ಜಾಗ ನೋಡಲು ಇದೇ ಸಮಯ. ನನ್ನ ಜೊತೆ ಇಂಡಿ ಕಡೆಯ ಹಿರಿಯ ಗೌಂಡಿ ಒಬ್ಬರನ್ನು ಕರೆದುಕೊಂಡು ಹೋದೆ. ಶಾಲೆಯ ಹಿಂದೆ ಖಾಲಿ ಜಾಗ. ಮೇಲೆ ನೋಡಿದರೆ ಮೆತ್ತಗಿನ ಮಣ್ಣು, ಅಲ್ಲಲ್ಲಿ ಮುರುಮ, ಅಂದರೆ ಪುಡಿಗಲ್ಲಿನ ಮಣ್ಣು. ನಾನು ಟೇಪ್ ಹಿಡಿದು ಅಳೆಯುತ್ತಿದ್ದೆ. ಅವರು ಅಳತೆಗೆ ಕೈ ಹಾಕಲೇ ಇಲ್ಲ. ಸೀದಾ ಪಕ್ಕದ ಹೊಲದ ಬಾವಿಗೆ ಹೋದರು. ಕಟ್ಟೆಗೆ ಎದೆ ಒರಗಿಸಿ ಒಳಗೆ ಬಗ್ಗಿ ನೋಡಿದರು.

"ಇಲ್ಲಿ ಬರ್ರಿ ಸಾಹೇಬ್ರ. ಕಲ್ಲು ನೋಡ್ರಿ."

ಬಾವಿಯ ಗೋಡೆಯಲ್ಲಿ ಎಲ್ಲವೂ ಪದರ ಪದರವಾಗಿ ಕಾಣುತ್ತಿತ್ತು. ಮೇಲೆ ಒಂದು ಮೊಳದಷ್ಟು ಕಪ್ಪು ಮಣ್ಣು. ಕೆಳಗೆ ಹಳದಿ ಮುರುಮ. ಅದರ ಕೆಳಗೆ, ನಾನು ಅಂದುಕೊಂಡಿದ್ದಕ್ಕಿಂತ ಬಹಳ ಮೇಲೆಯೇ, ಕರೀ ಬಂಡೆ. ಈ ಭಾಗದ ನೆಲವೇ ಹಾಗೆ. ದಖ್ಖನಿನ ಲಾವಾ ಕಲ್ಲು. ಪಾಯ ತೋಡುವಾಗ ಬಂಡೆ ಸಿಕ್ಕರೆ ಬ್ರೇಕರ್ ತರಬೇಕು, ಖರ್ಚು ಏರುತ್ತದೆ. ಆದರೆ ಅದೇ ಬಂಡೆಯ ಮೇಲೆ ಪಾಯ ಕೂರಿಸಿದರೆ ಆಳ ಕಡಿಮೆಯಾಗುತ್ತದೆ, ಕಾಂಕ್ರೀಟ್ ಉಳಿಯುತ್ತದೆ. ದರ ಪಟ್ಟಿಯಲ್ಲಿ ಮೆತ್ತನೆ ಮುರುಮಕ್ಕೆ ಒಂದು ದರ, ಗಟ್ಟಿ ಮುರುಮಕ್ಕೆ ಇನ್ನೊಂದು, ಬಂಡೆಗೆ ಮತ್ತೊಂದು. ಅಂದಾಜಿನಲ್ಲಿ ಯಾವುದಕ್ಕೆ ಎಷ್ಟು ಹಿಡಿದಿದ್ದಾರೆ ಎಂಬುದರ ಮೇಲೆ ನಮ್ಮ ಲಾಭ ನಷ್ಟ ನಿಂತಿರುತ್ತದೆ. ಆ ಬಾವಿ ನೋಡಿದ ಮೇಲೆ ನಾನು ಯಾವ ಜಾಗಕ್ಕೆ ಹೋದರೂ ಮೊದಲು ಹತ್ತಿರದ ಬಾವಿ ಹುಡುಕುತ್ತೇನೆ. ನಮ್ಮ ಗೌಂಡಿಗಳಿಗೆ ಗೊತ್ತಿರುವ ಇಂಥ ವಿದ್ಯೆಗೆ ಯಾವ ಟೆಂಡರ್‌ನಲ್ಲೂ ಮಾರ್ಕಿಲ್ಲ. ಆದರೆ ಕೆಲಸ ಗೆಲ್ಲಿಸುವುದು ಅದೇ.

ಅಲ್ಲೇ ನಿಂತು ಇನ್ನೂ ನಾಲ್ಕು ವಿಷಯ ವಿಚಾರಿಸಿದೆವು. ನೀರಿಗೆ ಟ್ಯಾಂಕರ್ ಬೇಕಾ? ಕ್ರಶರ್ ಎಷ್ಟು ದೂರ? ಶಾಲೆಯ ಗೇಟಿನೊಳಗೆ ಟ್ರಕ್ ತಿರುಗುತ್ತದಾ? ಮಕ್ಕಳು ಇರುವಾಗ ಕೆಲಸ ಮಾಡಲು ಬಿಡುತ್ತಾರಾ? ಮುಖ್ಯಶಿಕ್ಷಕಿ ಬಹಳ ಒಳ್ಳೆಯವರು. ಈಗಿರುವ ಕೋಣೆಯಲ್ಲಿ ಮಳೆ ಬಂದರೆ ಎರಡು ತರಗತಿ ಒಟ್ಟಿಗೆ ಕೂರಿಸುತ್ತೇವೆ ಎಂದು ತೋರಿಸಿದರು. ಅದನ್ನು ಕಂಡ ಮೇಲೆ ಈ ಕೆಲಸ ನನಗೇ ಸಿಗಬೇಕು ಅನಿಸಿಬಿಟ್ಟಿತು.

ದರ ಎಷ್ಟು ಹಾಕಬೇಕು? ಇದಕ್ಕೂ ಪೋರ್ಟಲ್ಲೇ ಉತ್ತರ ಕೊಡುತ್ತದೆ, ಆದರೆ ಜನ ಆ ಕಡೆ ನೋಡುವುದಿಲ್ಲ. ಮುಗಿದ ಟೆಂಡರ್‌ಗಳ ಫಲಿತಾಂಶವೂ ಅಲ್ಲಿರುತ್ತದೆ. ಯಾರು ಭಾಗವಹಿಸಿದರು, ಯಾರು ಯಾಕೆ ಹೊರಬಿದ್ದರು, ಯಾರು ಎಷ್ಟು ಹಾಕಿದರು. ನಾನು ಅದೇ ಕಚೇರಿಯ ಹಿಂದಿನ ಶಾಲೆ ಕೋಣೆಗಳ ಫಲಿತಾಂಶ ತೆಗೆದು ಒಂದು ವಹಿಯಲ್ಲಿ ಬರೆದೆ. ನೋಡುತ್ತಾ ಹೋದರೆ ಯಾವ ತಾಲೂಕಿನಲ್ಲಿ ಸ್ಪರ್ಧೆ ಬಿಗಿ, ಎಲ್ಲಿ ಸಡಿಲ ಎಂದು ಗೊತ್ತಾಗುತ್ತದೆ. ಯಾರು ಅಂದಾಜಿಗಿಂತ ತೀರಾ ಕೆಳಗೆ ಹಾಕುವ ಚಟದವರು ಎಂಬುದೂ ಗೊತ್ತಾಗುತ್ತದೆ. ಅವರ ಹಿಂದೆ ಬೀಳಬಾರದು. ತೀರಾ ಕೆಳಗೆ ಹಾಕಿದವರು ಹೆಚ್ಚುವರಿ ಭದ್ರತಾ ಠೇವಣಿ ಕಟ್ಟಬೇಕು. ಆ ದುಡ್ಡು ಕೆಲಸ ಮುಗಿಯುವ ತನಕ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆಗೆ ದರದಲ್ಲಿ ಬಿಟ್ಟ ದುಡ್ಡನ್ನು ಸಿಮೆಂಟಿನಲ್ಲಿ, ಕಬ್ಬಿಣದಲ್ಲಿ ಉಳಿಸಲು ನೋಡುತ್ತಾರೆ. ಮಕ್ಕಳು ಕೂರುವ ಕೋಣೆಗೆ ಹಾಗೆ ಮಾಡುವುದು ಪಾಪ. ನಾನು ಖಂಡಿತವಾಗಿ ಹೇಳುತ್ತೇನೆ, ಅಂಥ ದರಕ್ಕೆ ಕೆಲಸ ಬೇಡ.

ಲೆಕ್ಕ ಹಾಕುವಾಗ ಬಿಲ್ಲಿನಲ್ಲಿ ಕಡಿತವಾಗುವುದನ್ನು ಮೊದಲೇ ತೆಗೆದಿಡಬೇಕು. ಆದಾಯ ತೆರಿಗೆಯ ಟಿಡಿಎಸ್ ವ್ಯಕ್ತಿಗೆ 1 ಪರ್ಸೆಂಟ್, ಕಂಪನಿ ಪಾಲುದಾರಿಕೆಗೆ 2. ಎರಡೂವರೆ ಲಕ್ಷ ಮೀರಿದ ಕರಾರಿಗೆ ಜಿಎಸ್‌ಟಿ ಟಿಡಿಎಸ್ 2 ಪರ್ಸೆಂಟ್. ಕಟ್ಟಡ ಕಾರ್ಮಿಕರ ಸೆಸ್ 1 ಪರ್ಸೆಂಟ್. ಜೊತೆಗೆ ಭದ್ರತಾ ಠೇವಣಿ. ಸರಕಾರಿ ಕಾಮಗಾರಿಯ ಜಿಎಸ್‌ಟಿ 2022ರ ಜುಲೈ 18ರಿಂದ 12 ಇದ್ದದ್ದು 18 ಆಯಿತು. ದರ ಪಟ್ಟಿಯ ದರದಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ, ಅದನ್ನು ಬೇರೆ ತೋರಿಸಿರುತ್ತಾರೆ. ಒಂದು ಮಾತು ಸೇರಿಸುತ್ತೇನೆ. ಆ 1 ಪರ್ಸೆಂಟ್ ಸೆಸ್ ನಮ್ಮ ಕೂಲಿಯವರ ಹೆಸರಿನಲ್ಲಿ ಕಡಿತವಾಗುವ ದುಡ್ಡು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಅವರ ಹೆಸರು ನೋಂದಾಯಿಸದಿದ್ದರೆ ಅದರ ಲಾಭ ಅವರಿಗೆ ಮುಟ್ಟುವುದಿಲ್ಲ. ಗುತ್ತಿಗೆದಾರನಾದವನು ಕೆಲಸ ಮಾಡಿದ ದಿನಗಳ ಪ್ರಮಾಣಪತ್ರ ಬರೆದುಕೊಡಬೇಕು. ದಯವಿಟ್ಟು ಕೊಡಿ.

ಸಲ್ಲಿಸುವ ಕೆಲಸ ಕಷ್ಟವಲ್ಲ, ಎಚ್ಚರ ಬೇಕು ಅಷ್ಟೆ. ಕ್ಲಾಸ್ 3 ಡಿಜಿಟಲ್ ಸಹಿ ಬೇಕು. ಕಾಗದಗಳನ್ನು ಕಪ್ಪು ಬಿಳುಪಿನಲ್ಲಿ, ಕಡಿಮೆ ಗಾತ್ರದಲ್ಲಿ ಸ್ಕ್ಯಾನ್ ಮಾಡಿ. ದರ ತುಂಬುವ ಎಕ್ಸೆಲ್ ಫೈಲಿನ ಹೆಸರು ಬದಲಿಸಬೇಡಿ, ಬಣ್ಣದ ಮನೆಗಳಲ್ಲಿ ಮಾತ್ರ ತುಂಬಿ. ಠೇವಣಿ ಎನ್‌ಇಎಫ್‌ಟಿಯಲ್ಲಿ ಕಟ್ಟುವುದಾದರೆ ಒಂದೆರಡು ದಿನ ಮೊದಲೇ ಕಟ್ಟಿ. ಆ ಚಲನ್ ಆ ಟೆಂಡರ್‌ಗೆ ಮಾತ್ರ. ಎಲ್ಲ ಹಾಕಿದ ಮೇಲೆ ಫ್ರೀಜ್ ಬಟನ್ ಒತ್ತಿದರೇನೇ ಸಲ್ಲಿಕೆ ಆದಂತೆ. ಗಡಿಯಾರ ನಿಮ್ಮದಲ್ಲ, ಪೋರ್ಟಲ್ಲಿನ ಮೇಲ್ಗಡೆ ಕಾಣುವ ಸರ್ವರ್ ಗಡಿಯಾರ.

ಆ ಎರಡು ಕೋಣೆಯ ಕೆಲಸ ನನಗೇ ಸಿಕ್ಕಿತು. ಎರಡನೇ ಸ್ಥಾನದವರಿಗೂ ನನಗೂ ಅಂತರ ಕೂದಲೆಳೆಯಷ್ಟು. ಅಗೆದಾಗ ಬಾವಿ ತೋರಿಸಿದಷ್ಟೇ ಆಳದಲ್ಲಿ ಬಂಡೆ ಬಂತು. ಸೆಕ್ಷನ್ ಇಂಜಿನಿಯರ್ ಬಂದು ನೋಡಿ, ಅಳತೆ ಬರೆದು, ಪಾಯದ ಆಳಕ್ಕೆ ಒಪ್ಪಿಗೆ ತಂದರು.

ಬಿಲ್ಲಿನ ವಿಷಯ ಹೇಳದಿದ್ದರೆ ಅರ್ಧ ಹೇಳಿದಂತೆ. ಜಿಲ್ಲಾ ವಾರ್ಷಿಕ ಯೋಜನೆಯ ಹಣ ಖರ್ಚು ಮಾಡಲು ಜಿಲ್ಲಾ ಪರಿಷತ್ತಿಗೆ ಎರಡು ವರ್ಷ ಅವಕಾಶ ಇರುತ್ತದೆ. ಮಾರ್ಚ್ 31ಕ್ಕೆ ದುಡ್ಡು ವಾಪಸ್ ಹೋಗುವ ಭಯ ಮೊದಲ ವರ್ಷ ಇರಲಿಲ್ಲ. ಈ ಕೆಲಸವನ್ನು ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ. ಬಿಲ್ ಬಂತು, ಸ್ವಲ್ಪ ಕಾಯಿಸಿ ಬಂತು. ಅದೇ ಸಮಯದಲ್ಲಿ ಬೇರೆ ಹೆಡ್ಡಿನ ಕೆಲಸ ಮಾಡಿದ ಗೆಳೆಯರು ಬಡ್ಡಿ ಕಟ್ಟುತ್ತಾ ಕೂತಿದ್ದರು. ಕೆಲಸ ಚೆನ್ನಾಗಿ ಮಾಡಿದ್ದರು, ಅಳತೆ ಬರೆದಾಗಿತ್ತು, ದುಡ್ಡು ಮಾತ್ರ ಮೇಲಿಂದ ಇಳಿದಿರಲಿಲ್ಲ. 2025ರಲ್ಲಿ ಮಹಾರಾಷ್ಟ್ರದ ಗುತ್ತಿಗೆದಾರರ ಸಂಘಟನೆಗಳು ಬಾಕಿ ಬಿಲ್ಲಿಗಾಗಿ ಬೀದಿಗಿಳಿದವು. ಜಲಜೀವನ್ ಮಿಷನ್ನಿನ ನೀರಿನ ಕೆಲಸ ಮಾಡಿದವರ ಗೋಳು ಅದರಲ್ಲಿ ದೊಡ್ಡದು. ಆ ಯೋಜನೆ ಸುಳ್ಳಲ್ಲ. 2019ರಲ್ಲಿ ಶುರುವಾದದ್ದನ್ನು 2028ರ ವರೆಗೆ ಮುಂದುವರಿಸುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದರು. ಆದರೆ ಕೂಲಿಯವರಿಗೆ ಶನಿವಾರದ ಪಗಾರ ಕೊಡಬೇಕಾದವನು ಯೋಜನೆಯ ಅವಧಿ ನೋಡಿ ಬದುಕಲಾರ. ಮಂಜೂರಾತಿ ಕೊಡುವಾಗಲೇ ದುಡ್ಡು ತೆಗೆದಿಡಬೇಕು. ಅದು ಸರಕಾರದ ಕೆಲಸ, ಅದನ್ನು ಕೇಳುವುದು ನಮ್ಮ ಹಕ್ಕು.

ಅದಕ್ಕೇ ಈಗ ಯಾವ ಟೆಂಡರ್ ಕಂಡರೂ ನಾನು ಕಚೇರಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ ಒಂದೇ. ಈ ಹೆಡ್ಡಿನಲ್ಲಿ ಹಳೆಯ ಬಾಕಿ ಎಷ್ಟಿದೆ? ಕೆಲವರು ಹೇಳುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಹೇಳದಿದ್ದರೆ ಅದೇ ಕಚೇರಿಯಲ್ಲಿ ಕೆಲಸ ಮುಗಿಸಿದ ಒಂದಿಬ್ಬರು ಗುತ್ತಿಗೆದಾರರನ್ನು ಕೇಳುತ್ತೇನೆ. ಪ್ರತಿಸ್ಪರ್ಧಿಗಳಾದರೂ ಬಾಕಿ ವಿಷಯದಲ್ಲಿ ಯಾರೂ ಸುಳ್ಳು ಹೇಳಿದ್ದು ನಾನು ಕಂಡಿಲ್ಲ.

ರವಿವಾರ ಬೆಳಿಗ್ಗೆ ನಮ್ಮ ಕೆಲವು ಹುಡುಗರು ಮಾಮಾ ಮನೆಯಲ್ಲಿ ಸೇರುತ್ತಾರೆ. ಒಬ್ಬ ಜಿಆರ್ ಓದುತ್ತಾನೆ, ಒಬ್ಬ ಹೆಡ್ ಪ್ರಕಾರ ವಹಿಯಲ್ಲಿ ಬರೆಯುತ್ತಾನೆ, ಇನ್ನೊಬ್ಬ ಹಿಂದಿನ ಫಲಿತಾಂಶ ತೆಗೆಯುತ್ತಾನೆ. ಇಬ್ಬರು ಪಿಡಬ್ಲ್ಯೂಡಿ ನೋಂದಣಿಗೆ ಅರ್ಜಿ ಹಾಕಿದ್ದಾರೆ. ಒಬ್ಬನ ಅಪ್ಪ ಇನ್ನೂ ವಾರಜೆಯ ಅಡ್ಡಾದಲ್ಲಿ ಮುಕಾದಮ, ಕೂಲಿಯವರ ಮುಖಂಡ. ಸದ್ಯ ನಮ್ಮ ವಹಿಯಲ್ಲಿ ಭೋರ್ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರ, ದೌಂಡ್ ಕಡೆಯ ಎರಡು ಅಂಗನವಾಡಿ ಇವೆ. ಆಡಳಿತ ಮಂಜೂರಾತಿ ಆಗಿದೆ, ತಾಂತ್ರಿಕ ಮಂಜೂರಾತಿ ಬಾಕಿ. ಮುಂದಿನ ವಾರ ಭೋರ್‌ಗೆ ಹೋಗಿ ಜಾಗ ನೋಡಬೇಕು.